ಸಹಾಯ ಬೇಕು: ಬ್ರಹ್ಮಾವರದ ಬಳಿ ಒಬ್ಬರೇ ಇರುವ ಅಮ್ಮನಿಗೆ ಮನೆಯಲ್ಲೇ ಆರೈಕೆ

ಗುಂಪಿನ ಎಲ್ಲರಿಗೂ ನಮಸ್ಕಾರ. ಬ್ರಹ್ಮಾವರದ ಸಮೀಪದ ನಮ್ಮ ಹಂಚಿನ ಮನೆಯಲ್ಲಿ ಒಬ್ಬರೇ ಇರುವ 78 ವರ್ಷದ ಅಮ್ಮ, ಕಳೆದ ಆಟಿ ತಿಂಗಳ ಮಳೆಯಲ್ಲಿ ಪಾಚಿಗಟ್ಟಿದ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಮೇಲೆ ವಾಕರ್ ಹಿಡಿದು ನಿಧಾನವಾಗಿ ನಡೆಯುತ್ತಿದ್ದಾರೆ. ಬೆಂಗಳೂರಿಗೆ ಬರಲು ಅವರು ಸುತರಾಂ ಒಪ್ಪುತ್ತಿಲ್ಲ. ತುಳಸಿಕಟ್ಟೆಗೆ ದೀಪವಿಡುವುದನ್ನು ಬಿಟ್ಟು ನಮ್ಮ ನಾಲ್ಕನೇ ಮಹಡಿಯಲ್ಲಿ ಕುಳಿತಿರುವುದು ಅವರಿಗೆ ಶಿಕ್ಷೆಯೇ ಸರಿ.

ಏಜೆನ್ಸಿಯೊಂದರ ಮೂಲಕ ಬಂದಿದ್ದ ಹೋಂ ನರ್ಸ್ ಹತ್ತೇ ದಿನಕ್ಕೆ ಹೇಳದೆ ಹೋದರು, ಕಟ್ಟಿದ ಮುಂಗಡವೂ ಮರಳಲಿಲ್ಲ. ನಿಜಕ್ಕೂ ನಮಗೆ ಇಡೀ ದಿನದ ನರ್ಸಿಂಗ್ ಬೇಕಿಲ್ಲ. ಬೆಳಿಗ್ಗೆ ಸ್ನಾನಕ್ಕೆ ನೆರವಾಗಿ, ಗಂಜಿ, ಪಲ್ಯ ಮಾಡಿಟ್ಟು, ರಕ್ತದೊತ್ತಡದ ಮಾತ್ರೆ ನುಂಗಿದ್ದನ್ನು ಕಣ್ಣಾರೆ ನೋಡಿ ಹೋಗುವ, ತುಳು ಅಥವಾ ಕುಂದಾಪುರ ಕನ್ನಡದಲ್ಲಿ ಅಮ್ಮನೊಂದಿಗೆ ನಾಲ್ಕು ಮಾತಾಡಬಲ್ಲ ಮಹಿಳೆಯೊಬ್ಬರು ದಿನಕ್ಕೆ ಮೂರು ಗಂಟೆ ಸಿಕ್ಕರೆ ಸಾಕು. ಜೊತೆಗೆ ವಾರಕ್ಕೆರಡು ಬಾರಿ ಮನೆಗೆ ಬರುವ ಫಿಸಿಯೋಥೆರಪಿಸ್ಟ್ ಹಾಗೂ ಬಚ್ಚಲಿಗೆ ಗಟ್ಟಿಯಾದ ಹಿಡಿಕಂಬಿ ಕೂರಿಸಿಕೊಡುವವರು ಬೇಕಾಗಿದ್ದಾರೆ. ಮುಂದಿನ ಮಳೆಗಾಲಕ್ಕೆ ಮೊದಲು ಇದಾಗಲೇಬೇಕು.

ಆಯುಷ್ಮಾನ್ ಭಾರತ್ ಯೋಜನೆ ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರಿಗಾಗಿ ಇರುವುದರಿಂದ ಈ ಖರ್ಚನ್ನು ನಾವೇ ಭರಿಸುತ್ತೇವೆ. ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೂ ಕರೆ ಮಾಡಲಿದ್ದೇನೆ. ಆದರೆ ಊರಿನಲ್ಲಿ ಸ್ವತಃ ಕೆಲಸ ಮಾಡಿಸಿಕೊಂಡವರ ಮಾತಿನ ಮೇಲೆ ನನಗೆ ಹೆಚ್ಚು ಭರವಸೆ. ಉಡುಪಿ, ಬ್ರಹ್ಮಾವರ, ಸಂತೆಕಟ್ಟೆ ಕಡೆಯ ನಂಬಿಕಸ್ಥರು ತಿಳಿದಿದ್ದರೆ, ಅವರು ಕೇಳುವ ಸಂಬಳದ ಅಂದಾಜಿನೊಂದಿಗೆ ದಯವಿಟ್ಟು ಸಂದೇಶ ಕಳುಹಿಸಿ.