ಇಂಟರ್‌ಪ್ರಿಟರ್ ಹೆಡರ್‌ಗಳು: ಯಾವುದು ಹೊರಗೆ, ಯಾವುದು ಒಳಗೆ? ಅನುಭವ ಹೇಳಿ

ಪ್ರಶ್ನೆ
ಸಿ ಭಾಷೆಯಲ್ಲಿ ಒಂದು ಸಣ್ಣ ಸ್ಕ್ರಿಪ್ಟಿಂಗ್ ಭಾಷೆಯ ಇಂಟರ್‌ಪ್ರಿಟರ್ ಬರೀತಿದ್ದೇನೆ. ಹೆಡರ್‌ಗಳೆಲ್ಲ (ಸ್ಟ್ರಕ್ಟ್, ಫಂಕ್ಷನ್‌ಗಳ ಘೋಷಣೆ ಇರೋ ಫೈಲ್‌ಗಳು) ಒಂದೇ ಫೋಲ್ಡರ್‌ನಲ್ಲಿವೆ. ಈಗ ಬೇರೆಯವರೂ ಎಕ್ಸ್‌ಟೆನ್ಶನ್ ಬರೆಯೋಕೆ ಶುರು ಮಾಡಿದ್ದಾರೆ. ಆಬ್ಜೆಕ್ಟ್ ಸ್ಟ್ರಕ್ಟ್‌ಗೆ ನಾನೊಂದು ಫೀಲ್ಡ್ ಸೇರಿಸಿದರೆ ಅವರದ್ದು ಕ್ರ್ಯಾಶ್ ಆಗುತ್ತೆ. ಹೇಗೆ ಬೇರ್ಪಡಿಸಲಿ?

ಉತ್ತರ 1
ಫೋಲ್ಡರ್ ವಿಷಯ ಆಮೇಲೆ ನೋಡೋಣ, ಮೊದಲು ಸ್ಟ್ರಕ್ಟ್‌ಗಳನ್ನು ಮುಚ್ಚಿ. ಎಕ್ಸ್‌ಟೆನ್ಶನ್ ಕಂಪೈಲ್ ಆದಾಗಲೇ ಫೀಲ್ಡ್‌ನ ಆಫ್‌ಸೆಟ್ (ಸ್ಟ್ರಕ್ಟ್‌ನೊಳಗೆ ಅದು ಇರೋ ಜಾಗ) ಅದರ ಬೈನರಿಯಲ್ಲಿ ಕೂತುಬಿಟ್ಟಿರುತ್ತೆ. ನೀವು ನಡುವೆ ಇನ್ನೊಂದು ಫೀಲ್ಡ್ ತೂರಿಸಿದರೂ ಅದು ಹಳೇ ಜಾಗದಲ್ಲೇ ಓದುತ್ತೆ.

ಲುವಾ ಅನ್ನೋ ಸ್ಕ್ರಿಪ್ಟಿಂಗ್ ಭಾಷೆಯ ಪಬ್ಲಿಕ್ ಹೆಡರ್ ಲುವಾ.ಎಚ್ ತೆರೆದು ನೋಡಿ. ಇಂಟರ್‌ಪ್ರಿಟರ್‌ನ ಸ್ಥಿತಿ ಹಿಡಿದಿಡೋ ಲುವಾ_ಸ್ಟೇಟ್ ಸ್ಟ್ರಕ್ಟ್ ಬಗ್ಗೆ ಅಲ್ಲಿರೋದು ಹೆಸರು ಮಾತ್ರ ಹೇಳೋ ಒಂದೇ ಸಾಲಿನ ಟೈಪ್‌ಡೆಫ್. ಒಳಗೇನಿದೆ ಅನ್ನೋದು ಎಲ್‌ಸ್ಟೇಟ್.ಎಚ್‌ನಲ್ಲಿದೆ, ಅದು ಇನ್‌ಸ್ಟಾಲ್ ಆಗೋದೇ ಇಲ್ಲ. ಹೊರಗಿನವರ ಕೈಗೆ ಸಿಗೋದು ಬೆರಳೆಣಿಕೆಯ ಹೆಡರ್‌ಗಳು ಮಾತ್ರ. ಡೀಬಗ್ ಮಾಹಿತಿ ತುಂಬಿಕೊಡೋ ಲುವಾ_ಡೀಬಗ್ ಸ್ಟ್ರಕ್ಟ್ ಇದಕ್ಕೊಂದು ಅಪವಾದ. ಬಳಸುವವರೇ ಅದನ್ನು ತಮ್ಮ ಸ್ಟ್ಯಾಕ್ ಮೇಲೆ ಇಟ್ಟುಕೊಳ್ಳಬೇಕು, ಹಾಗಾಗಿ ಗಾತ್ರ ಗೊತ್ತಿರಲೇಬೇಕು. ಕೊನೆಯಲ್ಲಿ 'ಖಾಸಗಿ ಭಾಗ' ಅಂತ ಕಾಮೆಂಟ್ ಹಾಕಿ ಕಾಲ್‌ಇನ್ಫೋ ಅನ್ನೋ ಒಳಗಿನ ಸ್ಟ್ರಕ್ಟ್‌ಗೆ ಒಂದು ಪಾಯಿಂಟರ್ ಇಟ್ಟಿದ್ದಾರೆ. ಕಾಲ್‌ಇನ್ಫೋ ಒಳಗೇನಿದೆ ಅಂತ ಅಲ್ಲೂ ಬಿಟ್ಟುಕೊಟ್ಟಿಲ್ಲ. ನನಗೆ ತುಂಬಾ ಇಷ್ಟವಾದ ಹೆಡರ್ ಅದು.

ಉತ್ತರ 2
ಮೇಲಿನವರು ಹೇಳಿದ್ದು ಸರಿ. ಆದರೆ ಪ್ರಾಜೆಕ್ಟ್ ಬೆಳೆದರೆ ಪಬ್ಲಿಕ್, ಇಂಟರ್ನಲ್ ಅಂತ ಎರಡು ಪದರ ಸಾಲೋದಿಲ್ಲ. ಸಿ ಭಾಷೆಯಲ್ಲಿ ಬರೆದಿರೋ ಪೈಥಾನ್ ಇಂಟರ್‌ಪ್ರಿಟರ್ ಆದ ಸಿಪೈಥಾನ್‌ನಲ್ಲಿ ಮೂರಿವೆ. ಇನ್‌ಕ್ಲೂಡ್ ಫೋಲ್ಡರ್‌ನಲ್ಲಿ ನೇರವಾಗಿ ಇರೋದು ಮುಖ್ಯವಾಗಿ ಸ್ಥಿರವಾದ ಭಾಗ. ಅದರೊಳಗಿನ ಸಿಪೈಥಾನ್ ಫೋಲ್ಡರ್‌ನಲ್ಲಿರೋದನ್ನೂ ಹೊರಗಿನವರು ಬಳಸಬಹುದು, ಆದರೆ ಆವೃತ್ತಿಯಿಂದ ಆವೃತ್ತಿಗೆ ಬದಲಾಗಬಹುದು. ಇಂಟರ್ನಲ್ ಫೋಲ್ಡರ್‌ನಲ್ಲಿರೋದು ಇಂಟರ್‌ಪ್ರಿಟರ್‌ಗೆ ಮಾತ್ರ, ಆ ಫೈಲ್‌ಗಳ ಹೆಸರು ಪೈಕೋರ್_ ಅಂತ ಶುರುವಾಗುತ್ತೆ. ಪೈ_ಬಿಲ್ಡ್_ಕೋರ್ ಡಿಫೈನ್ ಮಾಡದೆ ಅವನ್ನು ಸೇರಿಸಿದರೆ #ಎರರ್ ಬಂದು ಕಂಪೈಲ್ ನಿಲ್ಲುತ್ತೆ. ನೀವೂ ಮೊದಲ ದಿನದಿಂದಲೇ ಈ ಬೇಲಿ ಹಾಕಿ. 'ದಯವಿಟ್ಟು ಬಳಸಬೇಡಿ' ಅನ್ನೋ ಕಾಮೆಂಟನ್ನು ನಂಬಿ ಕೂರಬೇಡಿ.

ಒಮ್ಮೆ ಬಯಲಾದದ್ದನ್ನು ಮತ್ತೆ ಮುಚ್ಚೋದು ಕಷ್ಟ. ಪೈಥಾನ್ 3.11ರಲ್ಲಿ ಫ್ರೇಮ್ ಸ್ಟ್ರಕ್ಟ್‌ನ (ನಡೀತಿರೋ ಫಂಕ್ಷನ್ ಕಾಲ್‌ನ ಮಾಹಿತಿ ಇರೋದು) ಫೀಲ್ಡ್‌ಗಳು ಇಂಟರ್ನಲ್ ಹೆಡರ್ ಒಳಗೆ ಹೋದವು. ಅವನ್ನು ನೇರವಾಗಿ ಮುಟ್ಟುತ್ತಿದ್ದ ಕೋಡನ್ನೆಲ್ಲ ತಿದ್ದಬೇಕಾಯಿತು. ಪೈಫ್ರೇಮ್_ಗೆಟ್‌ಕೋಡ್‌ನಂಥ ಫಂಕ್ಷನ್‌ಗಳು 3.9ರಲ್ಲೇ ಬಂದಿದ್ದರಿಂದ ಒಂದಷ್ಟು ಸುಲಭವಾಯಿತು. ಈ ಕ್ರಮ ಪಾಲಿಸಿ: ಮೊದಲು ಫಂಕ್ಷನ್ ಕೊಡಿ, ಜನ ಅದಕ್ಕೆ ಬದಲಾಗಲಿ, ಆಮೇಲೆ ಫೀಲ್ಡ್ ಮುಚ್ಚಿ.

ಪ್ರಶ್ನೆ ಕೇಳಿದವರು
ಧನ್ಯವಾದ. ಎಲ್ಲದಕ್ಕೂ ಫಂಕ್ಷನ್ ಕಾಲ್ ಆದರೆ ನಿಧಾನ ಆಗಲ್ವಾ? ರೆಫರೆನ್ಸ್ ಕೌಂಟ್ (ಆಬ್ಜೆಕ್ಟನ್ನು ಎಷ್ಟು ಕಡೆ ಹಿಡಿದುಕೊಂಡಿದ್ದಾರೆ ಅನ್ನೋ ಎಣಿಕೆ) ಏರಿಸೋದು ನನ್ನಲ್ಲಿ ಮ್ಯಾಕ್ರೋ, ಅಂದರೆ ಕಂಪೈಲ್ ಮಾಡುವಾಗ ಬಳಸಿದ ಕಡೆಯೇ ಹರಡಿಕೊಳ್ಳೋ ಕೋಡ್.

ಉತ್ತರ 1
ನಿಮ್ಮದೇ ಫೈಲ್‌ಗಳು ಇಂಟರ್ನಲ್ ಹೆಡರ್ ಸೇರಿಸಿಕೊಂಡು ಇನ್‌ಲೈನ್ ಬಳಸಲಿ, ಅಲ್ಲಿ ವೇಗ ಹಾಗೇ ಉಳಿಯುತ್ತೆ. ಹೊರಗಿನವರಿಗೆ ಫಂಕ್ಷನ್ ಕೊಡಿ. ಪಬ್ಲಿಕ್ ಹೆಡರ್‌ನಲ್ಲಿರೋ ಮ್ಯಾಕ್ರೋ ಅಂದರೆ ನಿಮ್ಮ ಕೋಡ್ ಬೇರೆಯವರ ಬೈನರಿಯಲ್ಲಿ ಅಚ್ಚಾಗಿದೆ ಅಂತ ಅರ್ಥ. ಪೈಥಾನ್ 3.12ರಲ್ಲಿ ಕೌಂಟ್ ಬದಲಾಗದ 'ಇಮ್ಮಾರ್ಟಲ್' ಆಬ್ಜೆಕ್ಟ್‌ಗಳು ಬಂದವು. ಹಳೇ ಮ್ಯಾಕ್ರೋ ಹೊತ್ತ ಎಕ್ಸ್‌ಟೆನ್ಶನ್‌ಗಳಿಗೆ ಅದು ತಿಳಿಯೋದಿಲ್ಲ, ಅವು ಕೌಂಟ್ ಏರಿಳಿಸುತ್ತಲೇ ಇರುತ್ತವೆ. ಅದೇ ಆವೃತ್ತಿಯ ಲಿಮಿಟೆಡ್ ಎಪಿಐನಲ್ಲಿ (ಆವೃತ್ತಿ ಬದಲಾದರೂ ಸ್ಥಿರವಾಗಿರೋ ಭಾಗ) ಕೌಂಟ್ ಏರಿಸೋ ಪೈ_ಇನ್‌ಕ್ರೆಫ್ ಫಂಕ್ಷನ್ ಕಾಲ್ ಆಯಿತು.

ಉತ್ತರ 3
ಲಿಂಕರ್ ಮರೀಬೇಡಿ. ಹೆಡರ್ ಬಚ್ಚಿಟ್ಟರೂ ಸಿಂಬಲ್ (ಬೈನರಿಯಲ್ಲಿರೋ ಫಂಕ್ಷನ್ ಹೆಸರು) ಹೊರಗೆ ಕಾಣುತ್ತಿದ್ದರೆ ಯಾರೋ ಒಬ್ಬರು ತಾವೇ ಎಕ್ಸ್‌ಟರ್ನ್ ಘೋಷಣೆ ಬರೆದುಕೊಂಡು ಕರೀತಾರೆ. ಜಿಸಿಸಿ, ಕ್ಲ್ಯಾಂಗ್ ಎರಡೂ ಕಂಪೈಲರ್‌ಗಳಲ್ಲಿ -ಎಫ್‌ವಿಸಿಬಿಲಿಟಿ=ಹಿಡನ್ ಕೊಟ್ಟು, ಪಬ್ಲಿಕ್ ಫಂಕ್ಷನ್‌ಗಳಿಗೆ ಮಾತ್ರ ಎಕ್ಸ್‌ಪೋರ್ಟ್ ಮ್ಯಾಕ್ರೋ ಹಾಕಿ.

ಜೊತೆಗೊಂದು ಟೆಸ್ಟ್ ಇರಲಿ: ಹೆಡರ್‌ಗಳನ್ನು ಖಾಲಿ ಫೋಲ್ಡರ್‌ಗೆ ಇನ್‌ಸ್ಟಾಲ್ ಮಾಡಿ, ಅದನ್ನಷ್ಟೇ ಇನ್‌ಕ್ಲೂಡ್ ಪಾತ್‌ಗೆ ಕೊಟ್ಟು, ಒಂದು ಪುಟ್ಟ ಎಕ್ಸ್‌ಟೆನ್ಶನ್ ಕಂಪೈಲ್ ಮಾಡಿ. ಸಿ ಆಗಿ ಒಮ್ಮೆ, ಸಿ++ ಆಗಿ ಒಮ್ಮೆ. ಪಬ್ಲಿಕ್ ಹೆಡರ್ ಎಲ್ಲಾದರೂ ಇಂಟರ್ನಲ್ ಹೆಡರನ್ನು ಎಳೆದುಕೊಂಡಿದ್ದರೆ ಅಲ್ಲೇ ಸಿಕ್ಕಿಬೀಳುತ್ತೆ.