ತಾಯಿ ಸತ್ತರೆ ಚಿಂಪಾಂಜಿ ಮರಿ ಸೊರಗುತ್ತೆ, ಗೊರಿಲ್ಲಾ ಮರಿ ಚೇತರಿಸಿಕೊಳ್ಳುತ್ತೆ. ಯಾಕೆ?

ಕಬಿನಿದಂಡೆ (ಪ್ರಶ್ನೆ)

ಟಾಂಜಾನಿಯಾದ ಗೋಂಬೆ ಕಾಡಿನ ಚಿಂಪಾಂಜಿ ಫ್ಲಿಂಟ್ ವಿಷಯ ಇಲ್ಲಿ ಬಹಳ ಜನಕ್ಕೆ ಗೊತ್ತಿರುತ್ತೆ. 1972ರಲ್ಲಿ ತಾಯಿ ಫ್ಲೋ ಸತ್ತ ಮೇಲೆ ಎಂಟೂವರೆ ವರ್ಷದ ಮಗ ತಿನ್ನೋದು ಬಿಟ್ಟ, ಗುಂಪಿನಿಂದ ದೂರ ಉಳಿದ, ಕಾಯಿಲೆ ಬಿದ್ದ, ಸುಮಾರು ಮೂರು ವಾರದಲ್ಲಿ ತಾನೂ ಹೋದ. ಆದರೆ ರುವಾಂಡದ ಬೆಟ್ಟದ ಗೊರಿಲ್ಲಾಗಳ ಬಗ್ಗೆ 2021ರಲ್ಲಿ ಬಂದ ಅಧ್ಯಯನದ ಪ್ರಕಾರ ತಬ್ಬಲಿ ಮರಿಗಳು ಹೆಚ್ಚು ಸಾಯೋದೂ ಇಲ್ಲ, ದೊಡ್ಡವಾದ ಮೇಲೆ ಗುಂಪಿನಲ್ಲಿ ಕೆಳಗೆ ಬೀಳೋದೂ ಇಲ್ಲ. ಎರಡೂ ದೊಡ್ಡ ವಾನರಗಳೇ, ಎರಡರಲ್ಲೂ ಸಾಮಾನ್ಯವಾಗಿ ಹೆರಿಗೆಗೆ ಒಂದೇ ಮರಿ, ವರ್ಷಗಟ್ಟಲೆ ಹಾಲು. ಇಷ್ಟು ವ್ಯತ್ಯಾಸ ಎಲ್ಲಿಂದ ಬಂತು?

ಜೊತೆಗೇ ಇನ್ನೊಂದು: ಮೃಗಾಲಯದಲ್ಲಿ ತಾಯಿ ಮರಿಯನ್ನು ಸೇರಿಸದಿದ್ದರೆ ಏನು ಮಾಡ್ತಾರೆ? ಮೈಸೂರು ಝೂಗೆ 2021ರಲ್ಲಿ ಜರ್ಮನಿಯಿಂದ ಬಂದ ಗೊರಿಲ್ಲಾಗಳು ಥಾಬೋ, ಡೆಂಬಾ ಎರಡೂ ಗಂಡು. ಹೆಣ್ಣಿಲ್ಲದ ಜೋಡಿ ಸರಿಹೋಗುತ್ತಾ?

ಎಲೆಗೂಡು

ಮೊದಲು ಫ್ಲಿಂಟ್‌ನನ್ನು ಪಕ್ಕಕ್ಕಿಡಿ. ಅವನು ಅಪವಾದ. ಫ್ಲೋಗೆ ವಯಸ್ಸಾಗಿತ್ತು, ಹಾಲು ಬಿಡಿಸೋ ಕಾಲಕ್ಕೆ ಅವನ ರಂಪ ತಡೆಯೋ ತ್ರಾಣ ಇರಲಿಲ್ಲ. 1968ರಲ್ಲಿ ತಂಗಿ ಫ್ಲೇಮ್ ಹುಟ್ಟಿದ ಮೇಲೂ ತಾಯಿಯ ಬೆನ್ನೇರುತ್ತಿದ್ದ, ಅವಳ ಗೂಡಲ್ಲೇ ಮಲಗುತ್ತಿದ್ದ. ಫ್ಲೇಮ್ ಆರು ತಿಂಗಳಿಗೇ ಇಲ್ಲವಾದಳು, ಅಲ್ಲಿಗೆ ಇವನೇ ಮತ್ತೆ ಕೂಸು. ಸಾಮಾನ್ಯ ಚಿಂಪಾಂಜಿಯಲ್ಲಿ ನಾಲ್ಕೈದು ವರ್ಷಕ್ಕೆ ಹಾಲು ನಿಲ್ಲುತ್ತೆ, ಹಿಂದೆ ಇನ್ನೊಂದು ಹುಟ್ಟಿದ ಮೇಲೆ ದೊಡ್ಡದು ತನ್ನ ಗೂಡು ತಾನೇ ಹಾಕಿಕೊಳ್ಳುತ್ತೆ. ಎಂಟರ ವಯಸ್ಸಿನಲ್ಲಿ ಬೆನ್ನೇರುವ ಮರಿಯನ್ನು ಹಿಡಿದುಕೊಂಡು ಇಡೀ ಜಾತಿಯ ಲೆಕ್ಕ ಹಾಕೋಕಾಗಲ್ಲ.

ಗೊರಿಲ್ಲಾ ಅಧ್ಯಯನ ಕರಿಸೋಕೆಯದು. ಗೊರಿಲ್ಲಾ ಸಂಶೋಧಕಿ ಡಯಾನ್ ಫಾಸಿ 1967ರಲ್ಲಿ ರುವಾಂಡದಲ್ಲಿ ಶುರು ಮಾಡಿದ ಕೇಂದ್ರ. 53 ವರ್ಷದ ದಾಖಲೆ ನೋಡಿದ್ದಾರೆ. ಎಲ್ಲರೂ ಬಿಟ್ಟುಬಿಡೋ ಷರತ್ತು ಒಂದಿದೆ: ಲೆಕ್ಕಕ್ಕೆ ತಗೊಂಡಿದ್ದು 2ರಿಂದ 8 ವರ್ಷದ ಮರಿಗಳನ್ನು ಮಾತ್ರ. ಅದಕ್ಕಿಂತ ಚಿಕ್ಕದು ಹಾಲಿನ ಮೇಲೇ ನಿಂತಿರುತ್ತೆ, ಅದರ ಮಾತೇ ಬೇರೆ. ಇನ್ನೊಂದು, ‘ತಾಯಿ ಇಲ್ಲವಾದಳು’ ಅಂದರೆ ಸತ್ತಳು ಅಂತಲೇ ಅಲ್ಲ. ಬೆಟ್ಟದ ಗೊರಿಲ್ಲಾ ಹೆಣ್ಣು ಹಾಲು ಬಿಟ್ಟ ಮರಿಯನ್ನು ಹಳೇ ಗುಂಪಿನಲ್ಲೇ ಬಿಟ್ಟು ಬೇರೆ ಗುಂಪಿಗೆ ಹೋಗೋದುಂಟು. ತಾಯಿಯಿಲ್ಲದೆ ಮರಿ ಉಳಿದುಕೊಳ್ಳೋ ಪರಿಸ್ಥಿತಿ ಅವುಗಳ ಬದುಕಿನಲ್ಲಿ ಮೊದಲಿಂದಲೇ ಇದೆ.

ವ್ಯತ್ಯಾಸದ ಬೇರು ಗುಂಪು ಕಟ್ಟಿಕೊಂಡಿರೋ ರೀತಿಯಲ್ಲಿದೆ. ಗೊರಿಲ್ಲಾ ಗುಂಪು ಒಟ್ಟಿಗೇ ಮೇಯುತ್ತೆ, ಒಟ್ಟಿಗೇ ಮಲಗುತ್ತೆ, ಮಧ್ಯದಲ್ಲಿ ಬೆಳ್ಳಿಬೆನ್ನಿನ ಗಂಡು ಸಿಲ್ವರ್‌ಬ್ಯಾಕ್ ಇರ್ತಾನೆ. ಗುಂಪಿನ ಬಹುಪಾಲು ಮರಿಗಳಿಗೆ ಅಪ್ಪ ಅವನೇ ಆಗಿರೋ ಸಂಭವ ಹೆಚ್ಚು. ತಾಯಿ ಹೋದ ಮೇಲೆ ಮರಿ ಯಾರ ಹತ್ತಿರ ಎಷ್ಟು ಹೊತ್ತು ಕಳೆಯುತ್ತೆ ಅಂತ ಅಳೆದಾಗ ಸಿಲ್ವರ್‌ಬ್ಯಾಕ್ ಜೊತೆ, ಓರಗೆಯ ಮರಿಗಳ ಜೊತೆ ನಂಟು ಗಟ್ಟಿಯಾಗಿತ್ತು. ರಾತ್ರಿ ಅವನ ಗೂಡಲ್ಲೇ ಒರಗಿ ಮಲಗಿದ ತಬ್ಬಲಿಗಳ ದಾಖಲೆಯೂ ಇದೆ.

ಆಹಾರದ್ದೂ ಅಷ್ಟೇ ದೊಡ್ಡ ಪಾತ್ರ. ಗ್ಯಾಲಿಯಂ ಬಳ್ಳಿ, ಕಾಡು ಸೆಲರಿ, ಮುಳ್ಳು ತಿಸಲ್, ತುರಚೆ ಸೊಪ್ಪು ಕೂತಲ್ಲೇ ಸಿಗುತ್ತೆ, ಅದಕ್ಕಾಗಿ ದೊಡ್ಡವರ ಜೊತೆ ಜಗಳ ಆಡಬೇಕಿಲ್ಲ. ಕಲಿಯೋದು ಇಲ್ಲ ಅಂತಲ್ಲ. ತುರಚೆ ತಿನ್ನೋದನ್ನೇ ನೋಡಿ: ಕಾಂಡದ ಬುಡ ಹಿಡಿದು ಇನ್ನೊಂದು ಕೈ ಮೇಲಕ್ಕೆ ಜಾರಿಸಿ ಎಲೆಗಳನ್ನು ಒಟ್ಟಿಗೆ ಬಿಡಿಸಬೇಕು, ತೊಟ್ಟುಗಳನ್ನು ತಿರುಚಿ ಕಿತ್ತು ಎಸೀಬೇಕು, ಕಟ್ಟನ್ನು ಮಡಚಿ ಚುಚ್ಚುವ ಭಾಗ ಒಳಗೆ ಸೇರಿದ ಮೇಲೆ ಬಾಯಿಗಿಡಬೇಕು. ಆದರೆ ಇದನ್ನು ಕಲಿಯೋಕೆ ತಾಯಿಯೇ ಬೇಕು ಅಂತಿಲ್ಲ, ಸುತ್ತ ಹತ್ತು ಜನ ಅದನ್ನೇ ಮಾಡ್ತಾ ಕೂತಿರ್ತಾರೆ.

ನನ್ನ ಅಭಿಪ್ರಾಯ ಕೇಳಿದರೆ, ಗೊರಿಲ್ಲಾ ಮರಿಗೆ ತಾಯಿಗಿಂತ ಸಿಲ್ವರ್‌ಬ್ಯಾಕ್ ಸಾಯೋದೇ ದೊಡ್ಡ ಗಂಡಾಂತರ. ಅವನು ಹೋದರೆ ಹೊರಗಿನ ಗಂಡು ಹಾಲುಗೂಸುಗಳನ್ನು ಕೊಲ್ಲಬಹುದು, ಗುಂಪೇ ಒಡೆಯಬಹುದು. 1978ರಲ್ಲಿ ಕಳ್ಳಬೇಟೆಗಾರರು ಅಂಕಲ್ ಬರ್ಟ್ ಅನ್ನೋ ಸಿಲ್ವರ್‌ಬ್ಯಾಕ್‌ನನ್ನು ಕೊಂದಾಗ ಮಗ ಟೈಟಸ್‌ಗೆ ನಾಲ್ಕು ವರ್ಷ. ತಾಯಿ ಬೇರೆ ಗುಂಪಿಗೆ ಹೋದಳು, ಇವನು ಗಂಡುಗಳ ನಡುವೆಯೇ ಬೆಳೆದ. ಮುಂದೆ ತಾನೇ ಸಿಲ್ವರ್‌ಬ್ಯಾಕ್ ಆಗಿ 2009ರ ತನಕ ಬದುಕಿದ.

ಹುತ್ತದಕಡ್ಡಿ

ಎಲೆಗೂಡು ಅವರ ಮಾತಿಗೆ ಒಂದು ಎಚ್ಚರಿಕೆ ಸೇರಿಸ್ತೀನಿ: ಇದು ಬೆಟ್ಟದ ಗೊರಿಲ್ಲಾಗಳ ಫಲಿತಾಂಶ. ತಗ್ಗು ಕಾಡಿನ ಗೊರಿಲ್ಲಾಗಳು ಹಣ್ಣು ಹೆಚ್ಚು ತಿನ್ನುತ್ತವೆ, ದಿನಕ್ಕೆ ಹೆಚ್ಚು ದೂರ ಅಲೆಯುತ್ತವೆ. ಅಲ್ಲಿಗೂ ಇದನ್ನೇ ಎತ್ತಿ ಇಡೋದು ಬೇಡ.

ಚಿಂಪಾಂಜಿ ಕಡೆ ಬರೋಣ. ಗೋಂಬೆಯ ದಾಖಲೆಗಳಲ್ಲಿ ಗಂಡು 15 ವರ್ಷದೊಳಗೆ, ಹೆಣ್ಣು 10 ವರ್ಷದೊಳಗೆ ತಾಯಿಯನ್ನು ಕಳಕೊಂಡರೆ ಬದುಕುಳಿಯೋ ಸಾಧ್ಯತೆ ಕುಗ್ಗುತ್ತೆ. ಹಾಲು ನಿಂತು ಎಷ್ಟೋ ವರ್ಷ ಆದ ಮೇಲೂ ಅಂದ ಹಾಗಾಯ್ತು. ಹಾಲನ್ನು ಬಿಟ್ಟು ತಾಯಿ ಇನ್ನೇನೋ ಕೊಡ್ತಿದ್ದಾಳೆ.

ಅದೇನು ಅಂತ ಐವರಿ ಕೋಸ್ಟ್‌ನ ಟಾಯಿ ಕಾಡಿನ ಸಂಶೋಧಕರು ಚಿಂಪಾಂಜಿಗಳ ಮೂತ್ರದಲ್ಲಿ ಹುಡುಕಿದರು. ಎಲೆ ಮೇಲೆ ಬಿದ್ದ ಮೂತ್ರವನ್ನು ಪಿಪೆಟ್‌ನಲ್ಲಿ ಹೀರಿ, ಶೈತ್ಯದಲ್ಲಿಟ್ಟು, ಕ್ರಿಯಾಟಿನಿನ್ ನೋಡ್ತಾರೆ. ಸ್ನಾಯು ಹೆಚ್ಚಿದ್ದರೆ ಅದು ಹೆಚ್ಚು. ಇಲ್ಲೊಂದು ತೊಡಕಿದೆ. ನೀರು ಕುಡಿದು ಮೂತ್ರ ತೆಳುವಾಗಿದ್ದರೆ ಲೆಕ್ಕ ತಪ್ಪುತ್ತೆ. ಬೇರೆ ಹಾರ್ಮೋನು ಪರೀಕ್ಷೆಗಳಲ್ಲಿ ಆ ತಪ್ಪನ್ನು ಕ್ರಿಯಾಟಿನಿನ್ ಇಟ್ಟುಕೊಂಡೇ ಸರಿಪಡಿಸ್ತಾರೆ. ಇಲ್ಲಿ ಅಳೆಯಬೇಕಾದ್ದೇ ಅದಾದ್ದರಿಂದ ಮೂತ್ರದ ಸಾಂದ್ರತೆ ನೋಡಿ ಸರಿಪಡಿಸಬೇಕು. ಹೀಗೆ ಅಳೆದಾಗ ತಬ್ಬಲಿಗಳ ಸ್ನಾಯು ಓರಗೆಯವಕ್ಕಿಂತ ಕಡಿಮೆ ಅಂತ 2020ರಲ್ಲಿ ಬಂತು. ಒತ್ತಡದ ಹಾರ್ಮೋನು ಕಾರ್ಟಿಸಾಲ್ ತಾಯಿ ಹೋದ ಮೊದಲ ಎರಡು ವರ್ಷ ಏರಿರುತ್ತೆ, ಆಮೇಲೆ ಸರಿಹೋಗುತ್ತೆ. ಒತ್ತಡ ಇಳಿದರೂ ಬೆಳವಣಿಗೆಯ ನಷ್ಟ ತುಂಬಲ್ಲ. ತಬ್ಬಲಿ ಗಂಡುಗಳಿಗೆ ಮುಂದೆ ಹುಟ್ಟೋ ಮಕ್ಕಳೂ ಕಡಿಮೆ.

ಚಿಂಪಾಂಜಿ ಗುಂಪು ದಿನಕ್ಕೆ ಹತ್ತು ಸಲ ಒಡೆದು ಕೂಡುತ್ತೆ, ಅದೇ ಕಾರಣ. ಹಣ್ಣಿನ ಮರ ಎಲ್ಲಿದೆ, ಯಾವಾಗ ಹಣ್ಣಾಗುತ್ತೆ, ಯಾವ ಗಂಡು ಮುನಿದಿದ್ದಾನೆ, ಯಾವ ಟೋಳಿ ಜೊತೆ ಹೋಗಬಾರದು ಇದೆಲ್ಲ ತಾಯಿಯ ಹಿಂದೆ ಸುತ್ತಿಯೇ ತಿಳಿಯಬೇಕು. ಮರಿ ಮರದಲ್ಲಿ ತಿನ್ನುತ್ತಿದ್ದರೆ ಅದನ್ನು ಓಡಿಸಲು ಬಂದವರಿಗೆ ಅಡ್ಡ ನಿಲ್ಲೋಳು ಅವಳೊಬ್ಬಳೇ. ಕಾಂಗೋದ ಗೌಲೋಗೊದಲ್ಲಿ ತಾಯಂದಿರು ಗೆದ್ದಲು ಹಿಡಿಯುವ ಕಡ್ಡಿಯನ್ನು ಮರಿಗೆ ಬಿಟ್ಟುಕೊಡ್ತಾರೆ; ಒಮ್ಮೊಮ್ಮೆ ಕಡ್ಡಿಯನ್ನು ಉದ್ದಕ್ಕೆ ಸೀಳಿ ಅರ್ಧ ಕೊಟ್ಟು ಅರ್ಧದಲ್ಲಿ ತಾವು ಮುಂದುವರಿಸ್ತಾರೆ. ಅಲ್ಲಿನ ಕಡ್ಡಿ ಬರೀ ಕಡ್ಡಿಯಲ್ಲ, ತುದಿಯನ್ನು ಹಲ್ಲಲ್ಲಿ ಜಗಿದು ಕುಂಚ ಮಾಡಿರ್ತಾರೆ. ಕುಂಚವಿದ್ದರೆ ಗೆದ್ದಲು ಹೆಚ್ಚು ಕಚ್ಚಿಕೊಂಡು ಬರುತ್ತೆ.

ಸಾಕುವವರೇ ಇಲ್ಲ ಅಂತಲ್ಲ. ಟಾಯಿಯಲ್ಲಿ ದತ್ತು ತಗೊಂಡ 18 ಪ್ರಕರಣಗಳನ್ನು 2010ರಲ್ಲಿ ಪ್ರಕಟಿಸಿದರು. ಅರ್ಧದಷ್ಟು ಸಾಕಿದ್ದು ಗಂಡುಗಳು, ಅವರಲ್ಲಿ ನಿಜವಾದ ಅಪ್ಪ ಒಬ್ಬನೇ. ಗೋಂಬೆಯಲ್ಲಿ 1987ರ ನ್ಯುಮೋನಿಯಾ ಪಿಡುಗಿನ ನಂತರ ಮೂರು ವರ್ಷದ ಮೆಲ್‌ನನ್ನು ಬಂಧುವಲ್ಲದ, ಹನ್ನೆರಡರ ಪ್ರಾಯದ ಸ್ಪಿಂಡಲ್ ಹೊತ್ತು ತಿರುಗಿದ. ಆದರೆ ಇದು ಅದೃಷ್ಟದ ಮಾತು. ಗೊರಿಲ್ಲಾ ಗುಂಪಿನಲ್ಲಿ ಅದು ಅದೃಷ್ಟ ಅಲ್ಲ, ವ್ಯವಸ್ಥೆ.

ಚಿಂಪಾಂಜಿಯ ಹತ್ತಿರದ ನಂಟ ಬೊನೊಬೊ ಬಗ್ಗೆ ಚಿಕ್ಕದಾಗಿ: ಅಲ್ಲಿ ಹೆಣ್ಣುಗಳದೇ ಮಾತು ನಡೆಯೋದು. ತಾಯಿ ಗುಂಪಿನಲ್ಲಿದ್ದರೆ ಮಗ ಅಪ್ಪನಾಗೋ ಸಾಧ್ಯತೆ ಸುಮಾರು ಮೂರು ಪಟ್ಟು. ಮಗ ಕೂಡುವಾಗ ಅಡ್ಡ ಬಂದ ಗಂಡುಗಳನ್ನು ಅಮ್ಮನೇ ಅಟ್ಟುತ್ತಾಳೆ.

ಕಬಿನಿದಂಡೆ

ಇಬ್ಬರಿಗೂ ಥ್ಯಾಂಕ್ಸ್, ‘ಅದೃಷ್ಟ, ವ್ಯವಸ್ಥೆ’ ಅನ್ನೋದರಲ್ಲಿ ನನ್ನ ಪ್ರಶ್ನೆಗೆ ಉತ್ತರ ಸಿಕ್ತು. ಹಾಗಾದರೆ ಒರಾಂಗುಟಾನ್? ತಾಯಿ ಒಂಟಿ, ಗುಂಪೇ ಇಲ್ಲ. ಮತ್ತೆ ಝೂ ಪ್ರಶ್ನೆ ಉಳೀತು. ಕರುವಿಗೆ ಗಿಣ್ಣು ತಪ್ಪಿದರೆ ಉಳಿಯೋದು ಕಷ್ಟ ಅಂತಾರಲ್ಲ, ಇವಕ್ಕೂ ಹಾಗೇನಾ?

ಪಾಳಿ_ಬಾಟಲಿ

ಗಿಣ್ಣಿನ ವಿಷಯದಲ್ಲಿ ಅಷ್ಟು ಕಷ್ಟ ಇಲ್ಲ. ಹಸುವಿನ ಮಾಸಿನ ಮೂಲಕ ರೋಗನಿರೋಧಕ ಅಂಶ ಕರುವಿಗೆ ದಾಟಲ್ಲ, ಅದಕ್ಕೇ ಗಿಣ್ಣೇ ಗತಿ. ವಾನರಗಳಲ್ಲಿ ನಮ್ಮ ಹಾಗೆ ಗರ್ಭದಲ್ಲೇ ದಾಟಿರುತ್ತೆ. ಸಿಕ್ಕಿದರೆ ಒಳ್ಳೇದು, ಸಿಗದಿದ್ದರೆ ಅಲ್ಲಿಗೇ ಮುಗೀಲಿಲ್ಲ. ಹಾಗಾಗಿ ಕಾಯೋಕೆ ಸಮಯ ಇರುತ್ತೆ, ಬಹಳ ಕಡೆ ಕೆಡೋದು ಕಾಯದೆ ಕೈ ಹಾಕಿದ್ದರಿಂದ.

ಚೊಚ್ಚಲ ತಾಯಿ ಮರಿಯನ್ನು ತಲೆಕೆಳಗೆ ಹಿಡೀಬಹುದು, ತೊಡೆ ಮೇಲಿಡಬಹುದು, ಮೊಲೆಗೆ ಬಾಯಿ ತಾಗಿದ ಕೂಡಲೇ ಕಚಗುಳಿಯಾದ ಹಾಗೆ ದೂರ ಸರಿಸಬಹುದು. ಎದೆಗೆ ಹಿಡಿದುಕೊಂಡಿದ್ದರೆ, ಮರಿ ಗಟ್ಟಿಯಾಗಿ ಕೂದಲು ಹಿಡಿದು ನೇತಾಡುತ್ತಿದ್ದರೆ ಸುಮ್ಮನೆ ನೋಡಬೇಕು, ಬರೆದಿಡಬೇಕು: ಎಷ್ಟು ಸಲ ಮೊಲೆ ಸಿಕ್ತು, ಎಷ್ಟು ಹೊತ್ತು ಚೀಪಿತು, ನುಂಗಿದ್ದು ಕಾಣಿಸ್ತಾ. ಹಿಡಿತ ಸಡಿಲವಾದರೆ, ಅಳು ಕ್ಷೀಣವಾದರೆ, ನೆಲದಲ್ಲೇ ಬಿಟ್ಟು ಹೋದರೆ ಆಗ ಕೈ ಹಾಕಬೇಕು.

ತೆಗೆದುಕೊಂಡ ಮೇಲೆ ಮನುಷ್ಯ ಕೂಸಿಗೆ ಕೊಡೋ ಪುಡಿಹಾಲೇ ಸಾಕು. ದಿನಕ್ಕೆ ಮೈತೂಕದ ಶೇ. 20–25ರಷ್ಟು, ಎರಡು ಮೂರು ಗಂಟೆಗೊಮ್ಮೆ ಹಂಚಿ. ಗೊರಿಲ್ಲಾ ಕೂಸು ಸುಮಾರು 2 ಕೆಜಿ, ಅಂದರೆ ದಿನಕ್ಕೆ 400–500 ಮಿಲಿ. ಮೊದಲ ದಿನವೇ ಪೂರ್ತಿ ಅಲ್ಲ, ನೀರಾಗಿಸಿ ಶುರು ಮಾಡಿ ಏರಿಸ್ತಾ ಹೋಗೋದು. ಅವಸರದಲ್ಲಿ ಏರಿಸಿದರೆ ಭೇದಿ. ಅಂಗಾತ ಮಲಗಿಸಿ ಬಾಟಲಿ ಕೊಟ್ಟರೆ ಹಾಲು ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ. ಎದೆಗೆ ಒರಗಿಸಿ, ತಲೆ ಎತ್ತರಕ್ಕೆ, ತೂತು ಚಿಕ್ಕದಿರೋ ನಿಪ್ಪಲ್. ನೆಗಡಿ ಇರೋರು ಪಾಳಿಗೆ ಬರಬಾರದು, ಉಳಿದವರೂ ಮಾಸ್ಕ್ ಹಾಕಲೇಬೇಕು. ನಮ್ಮ ನೆಗಡಿ ಅವಕ್ಕೆ ಪ್ರಾಣಕ್ಕೇ ಬರುತ್ತೆ.

ಬಾಟಲಿ ಸುಲಭದ ಭಾಗ. ಕಷ್ಟ ಇರೋದು ಮರಿ ತಾನು ಗೊರಿಲ್ಲಾ ಅನ್ನೋದನ್ನು ಮರೆಯದ ಹಾಗೆ ನೋಡಿಕೊಳ್ಳೋದರಲ್ಲಿ. ಸಿನ್ಸಿನಾಟಿ ಝೂನವರು 2013ರಲ್ಲಿ ಗ್ಲಾಡಿಸ್ ಅನ್ನೋ ಕೂಸಿಗೆ ಮಾಡಿದ್ದು ಒಳ್ಳೇ ಮಾದರಿ. ಟೆಕ್ಸಾಸ್‌ನಲ್ಲಿ ಹುಟ್ಟಿ ತಾಯಿ ಸೇರಿಸದ ಮರಿ. ಪಾಲಕರು ನಕಲಿ ಕೂದಲಿನ ಅಂಗಿ, ಮೊಣಕಾಲ ಪ್ಯಾಡ್ ಹಾಕಿಕೊಂಡು ಹಗಲೂ ರಾತ್ರಿ ಮೈಮೇಲೆ ಹೊತ್ತುಕೊಂಡರು, ಗೊರಿಲ್ಲಾ ಹಾಗೆ ಗುರುಗುಟ್ಟಿದರು, ಉಳಿದ ಗೊರಿಲ್ಲಾಗಳು ಕಾಣೋ ಕೇಳೋ ಅಂತರದಲ್ಲಿ ಇಟ್ಟರು. ಕೆಲವು ತಿಂಗಳಲ್ಲಿ ಮ್ಲಿಂಝಿ ಅನ್ನೋ ಹೆಣ್ಣಿನ ಕೈಗೆ ಕೊಟ್ಟರು. ಇದರಲ್ಲಿ ಕ್ರಮ ಮುಖ್ಯ: ಮೊದಲು ಮರಿಗೆ ಸರಳಿನ ಜಾಲರಿ ಹತ್ತಿರ ಬಂದು ಬಾಟಲಿ ಕುಡಿಯೋದು ರೂಢಿಯಾಗಬೇಕು, ಆಮೇಲೆ ಸಾಕುತಾಯಿ. ಉಲ್ಟಾ ಮಾಡಿದರೆ ಅವಳು ಮರಿಯನ್ನು ಪ್ರೀತಿಯಿಂದ ಹಿಡಿದುಕೊಂಡೇ ಕೂರ್ತಾಳೆ, ಮರಿ ಹಸಿವಿನಿಂದ ಒದ್ದಾಡುತ್ತೆ, ಹಾಲು ತಲುಪಿಸೋ ದಾರಿ ಇರಲ್ಲ.

ಎಲೆಗೂಡು

ಒರಾಂಗುಟಾನ್‌ಗೆ ಬದಲಿ ಯಾರೂ ಇಲ್ಲ, ಪ್ರಶ್ನೆಯಲ್ಲೇ ಉತ್ತರ ಇದೆ. ಒಂದು ಹೆರಿಗೆಗೂ ಇನ್ನೊಂದಕ್ಕೂ ಏಳೆಂಟು ವರ್ಷದ ಅಂತರ, ಹಾಲು ಎಂಟರ ತನಕವೂ ಇರಬಹುದು. ತಿನ್ನಬಹುದಾದ ಇನ್ನೂರಕ್ಕೂ ಹೆಚ್ಚು ಪದಾರ್ಥಗಳನ್ನು ಮರಿ ತಾಯಿಯ ಬಾಯಿಯ ಹತ್ತಿರ ಮುಖವಿಟ್ಟು ನೋಡಿ ಕಲಿಯುತ್ತೆ. ಬೋರ್ನಿಯೋದ ನ್ಯಾರು ಮೆಂಟೆಂಗ್ ಪುನರ್ವಸತಿ ಕೇಂದ್ರದಲ್ಲಿ ತಬ್ಬಲಿಗಳನ್ನು ದಿನಾ ಕಾಡಿಗೆ ಕರಕೊಂಡು ಹೋಗಿ ಮರ ಹತ್ತಿಸೋದು, ಗೂಡು ಹಾಕಿಸೋದು ಮಾಡ್ತಾರೆ. ಅದಕ್ಕೇ ವರ್ಷಗಟ್ಟಲೆ ಬೇಕು.

ಥಾಬೋ, ಡೆಂಬಾ ವಿಷಯ: ಹುಟ್ಟೋ ಮರಿಗಳಲ್ಲಿ ಅರ್ಧ ಗಂಡು, ಆದರೆ ಝೂ ಗುಂಪಿಗೆ ಬೇಕಾಗೋದು ಒಬ್ಬನೇ ಸಿಲ್ವರ್‌ಬ್ಯಾಕ್. ಮಿಕ್ಕವರಿಗೆ ಗಂಡುಗಳ ಗುಂಪೇ ದಾರಿ, ಟೈಟಸ್ ಬೆಳೆದಿದ್ದೂ ಅಂಥದ್ದರಲ್ಲೇ. ಚಿಕ್ಕಂದಿನಿಂದ ಒಟ್ಟಿಗಿದ್ದ ಜೋಡಿ ಸಾಮಾನ್ಯವಾಗಿ ಹೊಂದಿಕೊಳ್ಳುತ್ತೆ. ಚಿಕ್ಕವನ ಬೆನ್ನು ಬೆಳ್ಳಗಾಗೋ ಹೊತ್ತಿಗೆ, ಹನ್ನೆರಡು ಹದಿಮೂರರ ನಂತರ, ನೋಡಿಕೊಳ್ಳಬೇಕು. ಒಬ್ಬೊಬ್ಬನಿಗೆ ರಾತ್ರಿಗೆ ಬೇರೆ ಕೋಣೆ, ಪ್ರತಿ ಕೋಣೆಗೂ ಎರಡು ಬಾಗಿಲು (ಒಂದೇ ಇದ್ದರೆ ಮೂಲೆಗೆ ಸಿಕ್ಕಿಬಿದ್ದು ಕಚ್ಚಾಟ), ಆವರಣದಲ್ಲಿ ಒಬ್ಬನಿಗೊಬ್ಬ ಕಾಣದ ಹಾಗೆ ದಿಬ್ಬ ಅಥವಾ ಗೋಡೆ, ಆಹಾರವನ್ನು ಒಂದೇ ಕಡೆ ಸುರಿಯದೆ ಚೆಲ್ಲೋದು. ಅದೇ ಝೂನಲ್ಲಿ ಪೋಲೋ ಅನ್ನೋ ಗೊರಿಲ್ಲಾ 2014ರಲ್ಲಿ ಸಾಯೋ ತನಕ ಎಷ್ಟೋ ವರ್ಷ ಒಂಟಿಯಾಗಿದ್ದ. ಅದಕ್ಕೆ ಹೋಲಿಸಿದರೆ ಒಬ್ಬ ಅಣ್ಣ ಜೊತೆಗಿರೋದು ಸಾವಿರ ಪಾಲು ವಾಸಿ.