ಅಪ್‌ಡೇಟ್: ಆನ್‌ಲೈನ್ ತರಗತಿಯಲ್ಲಿ ಮಾತೃಭಾಷಾ ದಿನ

ಫೆಬ್ರವರಿ 21ರ ಅಂತರರಾಷ್ಟ್ರೀಯ ಮಾತೃಭಾಷಾ ದಿನವನ್ನು ಮನೆಯಿಂದಲೇ ಕಲಿಯುವ ಎರಡನೇ ತರಗತಿ ಮಕ್ಕಳ ಜೊತೆ ಆಚರಿಸೋದು ಹೇಗೆ ಅಂತ ಕೇಳಿದ್ದೆ. ನಿಮ್ಮ ಸಲಹೆಗಳಲ್ಲಿ ಕೆಲಸಕ್ಕೆ ಬಂದದ್ದು ಇಷ್ಟು.

ಲೈವ್‌ನಲ್ಲಿ ಎಲ್ಲರೂ ಒಟ್ಟಿಗೆ ಹಾಡೋದು ಬೇಡವೇ ಬೇಡ. ಒಬ್ಬೊಬ್ಬರ ನೆಟ್ ಒಂದೊಂದು ವೇಗ. ದನಿ ಹಿಂದುಮುಂದಾಗಿ ಬರೀ ಗದ್ದಲ. ಬದಲಿಗೆ ಮನೆಮಾತಿನ ಶಿಶುಗೀತೆಯನ್ನು 30 ಸೆಕೆಂಡ್ ರೆಕಾರ್ಡ್ ಮಾಡಿಸಿ ಮೊದಲೇ ತರಿಸಿಕೊಳ್ಳಿ. ಫ್ಯಾನ್ ಆಫ್ ಇರಲಿ, ಇಲ್ಲದಿದ್ದರೆ ಮೈಕಲ್ಲಿ ಗಾಳಿಯದ್ದೇ ಸದ್ದು. ಜೂಮ್‌ನಲ್ಲಿ ಸ್ಕ್ರೀನ್ ಶೇರ್ ಮಾಡುವಾಗ ‘ಶೇರ್ ಸೌಂಡ್’ ಟಿಕ್ ಮಾಡದಿದ್ದರೆ ಮಕ್ಕಳಿಗೆ ಕಾಣೋದು ಮೂಕಿ ಚಿತ್ರ!

‘ನಿಮ್ಮ ಸಂಸ್ಕೃತಿ ತೋರಿಸಿ’ ಅಂದರೆ ಎಲ್ಲರೂ ವೇಷ ಹಾಕ್ಕೊಂಡು ಕೂರ್ತಾರೆ, ಮಾತೇ ಹೊರಡಲ್ಲ. ‘ಮಲಗಿಸುವಾಗ ಮನೇಲಿ ಏನು ಹಾಡ್ತಾರೆ?’ ಅಂತ ಕೇಳಿ. ಎರಡು ಮನೆಮಾತಿರೋ ಮಗು ಯಾವುದನ್ನ ಆರಿಸಿದರೂ ಸರಿ.